ಅಗೆದದ್ದು ಬೇಗ ಮತ್ತೆ ಚಿಗುರಲಿ

ಬೋರ್‌ವೆಲ್ ಕೊರೆಸುವ ದಿನ ನಮ್ಮ ಕಡೆ ಒಂದು ಪುಟ್ಟ ಪೂಜೆ ಇದ್ದೇ ಇರುತ್ತದೆ. ಪಾಯಿಂಟ್ ಗುರುತು ಮಾಡಿದ ಜಾಗಕ್ಕೆ ಅರಿಶಿನ ಕುಂಕುಮ, ಎರಡು ಊದಿನಕಡ್ಡಿ, ಒಂದು ತೆಂಗಿನಕಾಯಿ. ಗಂಗಮ್ಮನಿಗೆ ಕೈ ಮುಗಿದು ಪಕ್ಕಕ್ಕೆ ಸರಿದರೆ ಲಾರಿಯ ಗಡಗಡ ಶುರು. 300 ಅಡಿ, 600 ಅಡಿ. ಕೋಲಾರದ ಕಡೆ 1000 ಅಡಿ ದಾಟಿದರೂ ಬರೀ ಧೂಳು ಬರುವುದುಂಟು. ಆಗ ಇನ್ನೊಂದು ಪಾಯಿಂಟ್, ಇನ್ನೊಂದು ತೆಂಗಿನಕಾಯಿ.

ಆ ಪೂಜೆಗೆಂದೇ ಬರೆದಂತಿರುವ ಒಂದು ಮಂತ್ರ ಅಥರ್ವವೇದದಲ್ಲಿದೆ. ಬೋರ್ ಕೊರೆಯುವ ಜಾಗದಲ್ಲಿ ಅದನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಯತ್ತೇ ಭೂಮೇ ವಿಖನಾಮಿ ಕ್ಷಿಪ್ರಂ ತದಪಿ ರೋಹತು
ಮಾ ತೇ ಮರ್ಮ ವಿಮೃಗ್ವರಿ ಮಾ ತೇ ಹೃದಯಮರ್ಪಿಪಮ್

ಭೂಮಿಯೇ, ನಿನ್ನಿಂದ ಏನನ್ನು ಅಗೆಯುತ್ತೇನೋ ಅದು ಬೇಗ ಮತ್ತೆ ಬೆಳೆಯಲಿ. ನಿನ್ನ ಮರ್ಮಕ್ಕೆ, ನಿನ್ನ ಎದೆಗೆ ನಾನು ಚುಚ್ಚದಿರಲಿ. ಇಷ್ಟೇ ಅರ್ಥ.

ಈ ಎರಡು ಸಾಲನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಅಗೆಯುವುದೇ ಇಲ್ಲ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಅಗೆಯುತ್ತೇನೆ, ಹೊಟ್ಟೆಪಾಡು ನಡೆಯಬೇಕಲ್ಲ. ಆದರೆ ಎರಡು ಷರತ್ತು. ತೆಗೆದದ್ದು ಮತ್ತೆ ತುಂಬಿಕೊಳ್ಳಬೇಕು, ಅದೂ ಬೇಗ. ಮತ್ತೆ, ಚುಚ್ಚಬಾರದ ಜಾಗವೊಂದಿದೆ, ಅಲ್ಲಿ ಚುಚ್ಚಬಾರದು. ಮರ್ಮ ಎಂಬ ಪದ ಸುಮ್ನೆ ಬಂದದ್ದಲ್ಲ. ಆಯುರ್ವೇದದ ಹಳೆಯ ಗ್ರಂಥ ಸುಶ್ರುತ ಸಂಹಿತೆ ಮನುಷ್ಯನ ಮೈಯಲ್ಲಿ 107 ಮರ್ಮಗಳನ್ನು ಎಣಿಸುತ್ತದೆ. ಬೇರೆ ಕಡೆ ಗಾಯವಾದರೆ ಮಾಯುತ್ತದೆ, ಮರ್ಮಕ್ಕೆ ಬಿದ್ದ ಏಟು ಪ್ರಾಣಕ್ಕೇ ಬರಬಹುದು. ಭೂಮಿಗೂ ಅಂಥ ಜಾಗಗಳಿವೆ ಎಂದು ಆ ಮಂತ್ರ ಹೇಳಿದವನಿಗೆ ಅನಿಸಿತ್ತು. ನದಿ ಹುಟ್ಟುವ ಬೆಟ್ಟದ ನೆತ್ತಿ, ಕೆರೆಗೆ ನೀರು ತರುವ ಕಾಲುವೆ, ಮಳೆ ಇಂಗುವ ಹುಲ್ಲುಗಾವಲು ಎಂದು ನಾವೀಗ ಒಂದೊಂದಾಗಿ ಹೆಸರಿಸಬಹುದು.

ಶಾಸ್ತ್ರಗಳು ಪ್ರಕೃತಿಯ ಬಗ್ಗೆ ಏನು ಹೇಳುತ್ತವೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಈ ಮಂತ್ರವನ್ನೇ ತೋರಿಸುತ್ತೇನೆ. ವಾಟ್ಸಾಪ್‌ನಲ್ಲಿ ಓಡಾಡುವ ಮಾತು ಬೇರೆ. ನಮ್ಮ ಹಿರಿಯರು ಮರ, ಬೆಟ್ಟ, ನದಿ ಎಲ್ಲವನ್ನೂ ಪೂಜಿಸುತ್ತಿದ್ದರು, ಹಾಗಾಗಿ ಅವರು ಪ್ರಕೃತಿಗೆ ಕೈ ಹಚ್ಚಲೇ ಇಲ್ಲ, ಇತ್ಯಾದಿ. ಕೈ ಹಚ್ಚದೆ ಗದ್ದೆ ಮಾಡಿದ್ದು ಹೇಗೆ, ಊರು ಕಟ್ಟಿದ್ದು ಹೇಗೆ?

ಶಾಸ್ತ್ರ ಎಂದರೆ ಒಂದೇ ಪುಸ್ತಕವಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ವೇದ, ಉಪನಿಷತ್ತು, ರಾಮಾಯಣ, ಮಹಾಭಾರತ, ಪುರಾಣ, ಧರ್ಮಶಾಸ್ತ್ರ ಎಲ್ಲ ಸೇರಿದ ದೊಡ್ಡ ಅಟ್ಟ ಅದು. ಒಂದಕ್ಕೂ ಇನ್ನೊಂದಕ್ಕೂ ನೂರಾರು, ಕೆಲವು ಕಡೆ ಸಾವಿರಕ್ಕೂ ಜಾಸ್ತಿ ವರ್ಷಗಳ ಅಂತರ. ಪ್ಲಾಸ್ಟಿಕ್, ಕಾರ್ಖಾನೆ, ಹವಾಮಾನ ಬದಲಾವಣೆ ಅವರ ಸಮಸ್ಯೆಗಳಾಗಿರಲಿಲ್ಲ. ಅವರ ಚಿಂತೆ ಬರ, ನೆರೆ, ಹಾವು, ಹುಲಿ. ಆದ್ದರಿಂದ ಅಲ್ಲಿ ಪರಿಸರ ಕಾಯಿದೆ ಹುಡುಕಿದರೆ ಸಿಗುವುದಿಲ್ಲ. ಸಿಗುವುದು ಭೂಮಿಯ ಜೊತೆಗೆ ಇಟ್ಟುಕೊಂಡ ಒಂದು ಕೊಡು-ಕೊಳ್ಳುವ ಲೆಕ್ಕ.

ತಾಯಿ ಎಂದ ಮೇಲೆ

ಮೇಲಿನ ಮಂತ್ರ ಬರುವುದು ಅಥರ್ವವೇದದ 12ನೇ ಕಾಂಡದ ಮೊದಲ ಸೂಕ್ತದಲ್ಲಿ. ಅದಕ್ಕೆ ಭೂಮಿ ಸೂಕ್ತ ಎಂದು ಹೆಸರು. ಒಟ್ಟು 63 ಮಂತ್ರಗಳು. 'ಮಾತಾ ಭೂಮಿಃ ಪುತ್ರೋ ಅಹಂ ಪೃಥಿವ್ಯಾಃ', ಅಂದರೆ ಭೂಮಿ ತಾಯಿ, ನಾನು ಭೂಮಿಯ ಮಗ ಎಂಬ ಸಾಲು ಇದರಲ್ಲೇ ಇದೆ. ಅದು ಈಗ ಪೋಸ್ಟರ್‌ಗಳಲ್ಲಿ ಎಷ್ಟು ಬಳಕೆಯಾಗಿದೆ ಎಂದರೆ, ಉಳಿದ 62 ಮಂತ್ರಗಳನ್ನು ಯಾರೂ ತೆರೆದು ನೋಡುವುದಿಲ್ಲ. ನಿಜವಾದ ಸೊಗಸು ಅಲ್ಲಿದೆ. ಒಂದು ಕಡೆ ಕವಿ ಭೂಮಿಯ ವಾಸನೆಯ ಬಗ್ಗೆ ಹೇಳುತ್ತಾನೆ. ಗಿಡಗಳಲ್ಲಿ, ನೀರಿನಲ್ಲಿ ಇರುವ ನಿನ್ನ ಆ ಗಂಧದಿಂದ ನನ್ನನ್ನೂ ಪರಿಮಳಿಸು ಎನ್ನುತ್ತಾನೆ. ಮೊದಲ ಮಳೆ ಬಿದ್ದಾಗ ಬಾಗಿಲಿಗೆ ಬಂದು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಕಡೆ, ಬೇರೆ ಬೇರೆ ಭಾಷೆ ಆಡುವ, ಬೇರೆ ಬೇರೆ ಧರ್ಮ ನಡೆಸುವ ಜನರನ್ನು ಒಂದೇ ಮನೆಯವರಂತೆ ಹೊತ್ತವಳು ಎನ್ನುತ್ತಾನೆ. ಹಾಗೆಂದು ಎಲ್ಲವೂ ಭಾವುಕತೆಯೂ ಅಲ್ಲ. ಚಳಿಗೆ ಮರಗಟ್ಟಿ ಬಿಲದಲ್ಲಿ ಮಲಗಿದ ಹಾವು, ಚೇಳು ನಮ್ಮ ಮೇಲೆ ಹರಿಯದಿರಲಿ ಎಂಬ ಬೇಡಿಕೆಯೂ ಇದೆ. ಹೊಲದಲ್ಲಿ ಬರಿಗಾಲಲ್ಲಿ ನಡೆದವನ ಮಾತು ಅದು.

ಈ ಸೂಕ್ತವನ್ನು ಓದದವರೂ ಇದೇ ಭಾವವನ್ನು ಇಟ್ಟುಕೊಂಡಿದ್ದಾರೆ ಎಂಬುದು ನನಗೆ ಹೆಚ್ಚು ಮುಖ್ಯ. ತುಳುನಾಡಿನಲ್ಲಿ ಕೆಡ್ಡಸ ಬರುತ್ತದೆ, ಫೆಬ್ರುವರಿಯ ಹೊತ್ತಿಗೆ, ಮೂರು ದಿನ. ಭೂಮಿತಾಯಿ ಆಗ ಮುಟ್ಟಾಗಿದ್ದಾಳೆ ಎಂಬ ನಂಬಿಕೆ. ಉಳುವಂತಿಲ್ಲ, ಅಗೆಯುವಂತಿಲ್ಲ. ಕೊನೆಗೆ ಅವಳ ಸ್ನಾನಕ್ಕೆಂದು ಎಣ್ಣೆ ಇಡುತ್ತಾರೆ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಆಗ ಭತ್ತ ಹೊಡೆ ತುಂಬಿ ನಿಂತಿರುತ್ತದೆ, ಅಂದರೆ ಭೂಮಿ ಬಸುರಿ. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಬಗೆಬಗೆಯ ಅಡುಗೆ ತುಂಬಿಕೊಂಡು ಗದ್ದೆಗೆ ಹೋಗಿ ಅವಳಿಗೆ ಬಯಕೆ ಊಟ ಬಡಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಶೀಗಿ ಹುಣ್ಣಿಮೆಗೆ, ಎಳ್ಳಮಾವಾಸ್ಯೆಗೆ ಹೊಲದ ತುಂಬ ಚರಗ, ಅಂದರೆ ಭೂಮಿಗೆ ಎಡೆಯ ಅಡುಗೆ, ಚೆಲ್ಲುತ್ತಾರೆ. ಇವು ವೇದದಿಂದ ಇಳಿದು ಬಂದವು ಎಂದು ನಾನು ಹೇಳುವುದಿಲ್ಲ. ಮಣ್ಣಿನ ಜೊತೆ ಬದುಕಿದವರಿಗೆ ಬೇರೆ ಬೇರೆ ಕಡೆ ಒಂದೇ ಮಾತು ಹೊಳೆದಿರಲೂಬಹುದು.

ಕೊಡದೆ ತಿನ್ನುವವನು ಕಳ್ಳ

ಆ ಕೊಡು-ಕೊಳ್ಳುವ ಲೆಕ್ಕವನ್ನು ಚೆನ್ನಾಗಿ ಬಿಡಿಸಿ ಹೇಳುವುದು ಭಗವದ್ಗೀತೆಯ ಮೂರನೇ ಅಧ್ಯಾಯ. 'ಅನ್ನಾದ್ಭವಂತಿ ಭೂತಾನಿ ಪರ್ಜನ್ಯಾದನ್ನಸಂಭವಃ'. ಜೀವಿಗಳು ಅನ್ನದಿಂದ, ಅನ್ನ ಮಳೆಯಿಂದ, ಮಳೆ ಯಜ್ಞದಿಂದ, ಯಜ್ಞ ಕರ್ಮದಿಂದ. ಹೀಗೆ ಸುತ್ತುವ ಇದನ್ನು ಕೃಷ್ಣ ಚಕ್ರ ಎನ್ನುತ್ತಾನೆ. ಈ ಚಕ್ರವನ್ನು ಮುಂದೆ ತಿರುಗಿಸದೆ ಬದುಕುವವನ ಬಾಳು ವ್ಯರ್ಥ. ಅದಕ್ಕೆ ಸ್ವಲ್ಪ ಮೊದಲು ಇನ್ನೂ ಖಾರವಾದ ಮಾತು ಬರುತ್ತದೆ. ಕೊಟ್ಟವರಿಗೆ ತಿರುಗಿ ಕೊಡದೆ ತಾನೇ ತಿನ್ನುವವನು 'ಸ್ತೇನ ಏವ ಸಃ', ಅವನು ಕಳ್ಳನೇ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಯಜ್ಞ ಎಂದರೆ ಮೂಲದಲ್ಲಿ ಬೆಂಕಿಗೆ ತುಪ್ಪ ಹಾಕಿ ದೇವತೆಗಳಿಗೆ ಸಲ್ಲಿಸುವುದೇ. ಅದರಿಂದ ಮಳೆ ಬರುತ್ತದೆ ಎಂದು ಅವರು ನಂಬಿದ್ದರು. ಅದನ್ನು ಎಳೆದು ತಂದು 'ಇದು ಜಲಚಕ್ರದ ವಿಜ್ಞಾನ' ಎಂದರೆ ಪಠ್ಯಕ್ಕೂ ವಿಜ್ಞಾನಕ್ಕೂ ಅನ್ಯಾಯ. ಆದರೆ ಗೀತೆಯೇ ಮುಂದಿನ ಅಧ್ಯಾಯದಲ್ಲಿ ಯಜ್ಞದ ಅರ್ಥವನ್ನು ಹಿಗ್ಗಿಸುತ್ತದೆ. ದಾನವೂ ಯಜ್ಞ, ತಪಸ್ಸೂ ಯಜ್ಞ, ಓದೂ ಯಜ್ಞ. ಉಳಿಯುವ ತಿರುಳು ಇಷ್ಟು: ತಿಂದದ್ದಕ್ಕೆ ಪ್ರತಿಯಾಗಿ ಏನನ್ನಾದರೂ ಹಿಂದಿರುಗಿಸಬೇಕು. ಕೊಟ್ಟಿಗೆ ಗೊಬ್ಬರ ಗದ್ದೆಗೆ ಹೋಗುತ್ತಿದ್ದ ಕಾಲದಲ್ಲಿ ಇದು ತತ್ತ್ವವೂ ಅನಿಸುತ್ತಿರಲಿಲ್ಲ, ದಿನದ ಕೆಲಸವಾಗಿತ್ತು.

ಇದೇ ಲೆಕ್ಕ ಮನೆಯೊಳಗೆ ಬಂದಾಗ ಹೇಗಿರುತ್ತದೆ ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಮನುಸ್ಮೃತಿಯ ಮೂರನೇ ಅಧ್ಯಾಯದಲ್ಲಿದೆ. ಮನುಸ್ಮೃತಿ ಎಂದ ಕೂಡಲೇ ಹಲವರಿಗೆ ಮೈ ಉರಿಯುತ್ತದೆ. ಜಾತಿ ಮತ್ತು ಹೆಣ್ಣಿನ ಬಗ್ಗೆ ಅದು ಹೇಳಿರುವುದನ್ನು ಓದಿದರೆ ಉರಿಯುವುದು ಸಹಜ. ಈ ಶ್ಲೋಕ ಬೇರೆ ಥರದ್ದು. ಪ್ರತಿ ಮನೆಯಲ್ಲೂ ಐದು ಕಸಾಯಿಖಾನೆಗಳಿವೆ ಎನ್ನುತ್ತದೆ. ಯಾವುವು? ಒಲೆ, ರುಬ್ಬುವ ಕಲ್ಲು, ಪೊರಕೆ, ಒರಳು-ಒನಕೆ, ನೀರಿನ ಕೊಡ. ಇವಕ್ಕೆ ಪಂಚಸೂನಾ ಎಂದು ಹೆಸರು. ಸೂನಾ ಎಂದರೆ ಪ್ರಾಣಿ ಕೊಲ್ಲುವ ಜಾಗ. ಒಲೆ ಹಚ್ಚಿದರೆ ಸೌದೆಯೊಳಗಿನ ಹುಳ ಸಾಯುತ್ತದೆ, ಗುಡಿಸಿದರೆ ಇರುವೆ ಸಾಯುತ್ತದೆ. ಏನೂ ತಪ್ಪು ಮಾಡದ ಗೃಹಸ್ಥನೂ ಸಂಜೆಯೊಳಗೆ ಎಷ್ಟೋ ಜೀವ ತೆಗೆದಿರುತ್ತಾನೆ.

ಇದಕ್ಕೆ ಮನುಸ್ಮೃತಿ ಹೇಳುವ ಪರಿಹಾರ ಒಲೆ ಆರಿಸುವುದಲ್ಲ. ದಿನಕ್ಕೆ ಐದು ಯಜ್ಞ: ಓದು-ಪಾಠ, ಪಿತೃಗಳಿಗೆ ತರ್ಪಣ, ದೇವರಿಗೆ ಹೋಮ, ಪ್ರಾಣಿಪಕ್ಷಿಗಳಿಗೆ ಒಂದು ತುತ್ತು, ಬಂದ ಅತಿಥಿಗೆ ಊಟ. ಅಜ್ಜಿ ಊಟಕ್ಕೆ ಮೊದಲು ಕಾಗೆಗೆ ಅನ್ನ ಇಡುತ್ತಿದ್ದರೆ, ಹಸುವಿಗೆ ಮೊದಲ ದೋಸೆ ಕೊಡುತ್ತಿದ್ದರೆ, ಅದು ಈ ನಾಲ್ಕನೆಯ ಲೆಕ್ಕದ್ದು. ಬದುಕುವುದೆಂದರೆ ಯಾರಿಗೋ ತೊಂದರೆ ಕೊಡುವುದೇ, ಆ ಸಾಲ ನನ್ನ ಹೆಸರಲ್ಲಿದೆ ಎಂದು ದಿನಾ ನೆನಪಿಸಿಕೊಳ್ಳುವ ಉಪಾಯ. ನಮ್ಮ ಮನೆಯ ಕರೆಂಟ್ ಬಿಲ್, ಕಸದ ಬುಟ್ಟಿಗಳನ್ನು ಆ ಐದರ ಪಟ್ಟಿಗೆ ಸೇರಿಸಿದರೆ ಸಾಲ ಎಷ್ಟಾಗುತ್ತದೋ.

ಎಷ್ಟು ತೆಗೆದುಕೊಳ್ಳಬೇಕು ಎಂಬ ಪ್ರಶ್ನೆಗೆ ಈಶಾವಾಸ್ಯ ಉಪನಿಷತ್ತಿನ ಮೊದಲ ಮಂತ್ರ ಬರುತ್ತದೆ. ಇಲ್ಲಿ ಚಲಿಸುವುದೆಲ್ಲವೂ ಈಶನಿಂದ ಆವರಿಸಿದೆ, 'ತೇನ ತ್ಯಕ್ತೇನ ಭುಂಜೀಥಾಃ', ಯಾರ ಸ್ವತ್ತಿಗೂ ಆಸೆಪಡಬೇಡ. ನಡುವಿನ ಮೂರು ಪದಗಳ ಮೇಲೆ ಜಗಳವೇ ಇದೆ. ಶಂಕರರ ಪ್ರಕಾರ, ಬಿಡುವುದರಿಂದ ನಿನ್ನನ್ನು ಕಾಪಾಡಿಕೋ. ಮಧ್ವರ ಪ್ರಕಾರ, ಅವನು ಕೊಟ್ಟದ್ದನ್ನಷ್ಟೇ ಉಣ್ಣು. ಒಬ್ಬರದು ಸನ್ಯಾಸಿಯ ಓದು, ಇನ್ನೊಬ್ಬರದು ಒಡೆಯನ ಮನೆಯಲ್ಲಿ ಉಳಿದುಕೊಂಡ ಅತಿಥಿಯ ಓದು ಎನ್ನಬಹುದೇನೋ. ಪರಿಸರದ ವಿಷಯಕ್ಕೆ ಬಂದರೆ ನನಗೆ ಮಧ್ವರ ಅರ್ಥ ಹತ್ತಿರ. ಅತಿಥಿ ಬಡಿಸಿದ್ದನ್ನು ಉಣ್ಣುತ್ತಾನೆ, ಅಡುಗೆಮನೆಗೆ ನುಗ್ಗಿ ಪಾತ್ರೆ ಬಳಿಯುವುದಿಲ್ಲ.

ಪವಿತ್ರ ನೀರು, ಕೊಳಕು ನೀರು

ನೀರಿನ ಬಗ್ಗೆ ಮಾತ್ರ ಶಾಸ್ತ್ರಗಳು ನೇರವಾಗಿ, ಬೈದಂತೆ ಹೇಳುತ್ತವೆ. ವೇದದ ಭಾಗವಾದ ತೈತ್ತಿರೀಯ ಆರಣ್ಯಕದ ಅರುಣಪ್ರಶ್ನ ಎಂಬ ಅಧ್ಯಾಯದಲ್ಲಿ, ನೀರಿನಲ್ಲಿ ಮಲಮೂತ್ರ ಮಾಡಬಾರದು, ಉಗುಳಬಾರದು ಎಂದಿದೆ. ಮನುಸ್ಮೃತಿಯ ನಾಲ್ಕನೇ ಅಧ್ಯಾಯ ಇದಕ್ಕೆ ರಕ್ತ, ವಿಷ, ಹೊಲಸು ಮೆತ್ತಿದ ಬೇರೆ ವಸ್ತು ಎಲ್ಲವನ್ನೂ ಸೇರಿಸುತ್ತದೆ. ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳುವುದು?

ಆದರೂ ನಮ್ಮ ಪುಣ್ಯನದಿಗಳ ಸ್ಥಿತಿ ಗೊತ್ತೇ ಇದೆ. ಗಂಗೆಯಿಂದ ಹಿಡಿದು ನಮ್ಮ ಕಾವೇರಿ, ತುಂಗಭದ್ರೆಯವರೆಗೂ ಒಂದೇ ಕಥೆ. ಜನ ಸ್ನಾನ ಮಾಡಿ ಉಟ್ಟ ಬಟ್ಟೆಯನ್ನು ಅಲ್ಲೇ ಬಿಡುತ್ತಾರೆ, ಪಾಪ ಹೋಗಲಿ ಎಂದು. ಪಾಪ ಹೋಯಿತೋ ಇಲ್ಲವೋ, ಪಾಲಿಯೆಸ್ಟರ್ ಸೀರೆ ಮಾತ್ರ ಕಲ್ಲಿಗೆ ಸಿಕ್ಕಿಕೊಂಡು ವರ್ಷಗಟ್ಟಲೆ ಅಲ್ಲೇ ಇರುತ್ತದೆ. 2025ರ ಮಾರ್ಚ್‌ನಲ್ಲಿ ರಾಜ್ಯದ ಪರಿಸರ ಸಚಿವರು, ತೀರ್ಥಕ್ಷೇತ್ರಗಳ ನದಿ, ಕೆರೆಗಳ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ ತಡೆಯಿರಿ ಎಂದು ಅಧಿಕಾರಿಗಳಿಗೆ ಸೂಚಿಸಬೇಕಾಯಿತು. ಶಾಸ್ತ್ರ ಮೊದಲೇ ಹೇಳಿದ್ದನ್ನು ಸರ್ಕಾರ ಮತ್ತೆ ಹೇಳಬೇಕಾದ ಪರಿಸ್ಥಿತಿ.

ಎಡವಿದ್ದೆಲ್ಲಿ? ನನ್ನ ಲೆಕ್ಕದಲ್ಲಿ ಪವಿತ್ರ ಮತ್ತು ಸ್ವಚ್ಛ ಎಂಬ ಎರಡು ಮಾತನ್ನು ನಾವು ಬೇರೆ ಮಾಡಿಕೊಂಡೆವು. ಗಂಗೆ ಎಲ್ಲರ ಪಾಪ ತೊಳೆಯುವವಳು, ಅವಳನ್ನು ಯಾವ ಕೊಳೆಯೂ ಮುಟ್ಟದು ಎಂದು ಪುರಾಣ ಹೊಗಳಿತು. ಭಕ್ತ ಅದನ್ನು ಅಕ್ಷರಶಃ ನಂಬಿದ. ತಾಯಿ ಎಷ್ಟು ಬೇಕಾದರೂ ತಾಳಿಕೊಳ್ಳುತ್ತಾಳೆ ಎಂಬ ಸಲಿಗೆ ಅದು. 2017ರ ಮಾರ್ಚ್‌ನಲ್ಲಿ ಉತ್ತರಾಖಂಡ ಹೈಕೋರ್ಟ್ ಗಂಗೆ, ಯಮುನೆಯರನ್ನು ಹಕ್ಕುಗಳುಳ್ಳ ಜೀವಂತ ವ್ಯಕ್ತಿಗಳು ಎಂದು ಘೋಷಿಸಿತು. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ದೇವಿಯಾದರೂ ಕೋರ್ಟಿನಲ್ಲಿ ಅವಳ ಪರವಾಗಿ ಸಹಿ ಹಾಕುವವರು ಯಾರು, ನೆರೆ ಬಂದು ನಷ್ಟವಾದರೆ ಪರಿಹಾರ ಕೊಡುವವರು ಯಾರು ಎಂಬ ಪ್ರಶ್ನೆ ಎದ್ದಿತ್ತು.

ಹತ್ತು ಮಕ್ಕಳಿಗೆ ಒಂದು ಮರ

ಮತ್ಸ್ಯಪುರಾಣದಲ್ಲಿ ಪಾರ್ವತಿಯ ಒಂದು ಕಥೆಯಿದೆ. ಅವಳು ಅಶೋಕದ ಸಸಿಯೊಂದನ್ನು ಮಗನಂತೆ ಬೆಳೆಸುತ್ತಾಳೆ. ಇದರಿಂದೇನು ಫಲ ಎಂದು ಕೇಳಿದವರಿಗೆ ಅವಳ ಉತ್ತರ ಹೀಗಿದೆ: ಹತ್ತು ಬಾವಿಗೆ ಒಂದು ಮೆಟ್ಟಿಲುಬಾವಿ ಸಮ, ಹತ್ತು ಮೆಟ್ಟಿಲುಬಾವಿಗೆ ಒಂದು ಕೆರೆ, ಹತ್ತು ಕೆರೆಗೆ ಒಬ್ಬ ಮಗ, ಹತ್ತು ಮಕ್ಕಳಿಗೆ ಒಂದು ಮರ. ಮಗನಿಲ್ಲದಿದ್ದರೆ ಸದ್ಗತಿಯಿಲ್ಲ ಎಂದು ನಂಬಿದ್ದ ಸಮಾಜಕ್ಕೆ ಹೇಳಿದ ಮಾತಿದು. ಆ ಅಳತೆಯಲ್ಲಿ ಇದು ಸಣ್ಣ ಮಾತಲ್ಲ.

ಈ ಕಥೆ ಓದಿದ ಕನ್ನಡಿಗರಿಗೆ ಸಾಲುಮರದ ತಿಮ್ಮಕ್ಕ ನೆನಪಾಗದೆ ಇರುವುದಿಲ್ಲ. ಮಕ್ಕಳಿಲ್ಲದ ತಿಮ್ಮಕ್ಕ, ಗಂಡ ಚಿಕ್ಕಯ್ಯನ ಜೊತೆ ಸೇರಿ ಹುಲಿಕಲ್-ಕುದೂರು ರಸ್ತೆಯಲ್ಲಿ ಸುಮಾರು 385 ಆಲದ ಮರಗಳನ್ನು ಬೆಳೆಸಿದರು. ಕೊಡದಲ್ಲಿ ನೀರು ಹೊತ್ತು, ದನಗಳಿಗೆ ಸಿಗದಂತೆ ಮುಳ್ಳಿನ ಬೇಲಿ ಕಟ್ಟಿ. ಅವರು ಶಾಲೆಗೆ ಹೋದವರಲ್ಲ. ಪುರಾಣದ ಲೆಕ್ಕ ಹಿಡಿದರೆ ಅವರಿಗೆ 3850 ಮಕ್ಕಳು.

ಮರದ ಮಾತು ಬಂದಾಗ ಅಶ್ವತ್ಥದ ಬಗ್ಗೆ ಒಂದು ಗೊಂದಲ ಬಿಡಿಸಬೇಕು. ಮರಗಳಲ್ಲಿ ನಾನು ಅಶ್ವತ್ಥ ಎಂದು ಗೀತೆಯ ಹತ್ತನೇ ಅಧ್ಯಾಯದಲ್ಲಿ ಕೃಷ್ಣ ಹೇಳುತ್ತಾನೆ. ಅಲ್ಲಿಂದ ಹಾರಿ, 'ಅಶ್ವತ್ಥ ರಾತ್ರಿಯೂ ಆಮ್ಲಜನಕ ಕೊಡುತ್ತದೆ, ಅದಕ್ಕೇ ಹಿರಿಯರು ಪೂಜಿಸಿದರು' ಎಂಬ ಮಾತು ಎಲ್ಲ ಕಡೆ ಸುತ್ತುತ್ತಿದೆ. ಆಮ್ಲಜನಕ ಬಿಡಲು ಎಲೆಗೆ ಬೆಳಕು ಬೇಕು. ರಾತ್ರಿ ಅಶ್ವತ್ಥವೂ ಬೇರೆ ಮರಗಳಂತೆ ಉಸಿರಾಡುತ್ತದೆ, ಅಷ್ಟೇ. ಅಶ್ವತ್ಥದ ನಿಜವಾದ ದೊಡ್ಡತನ ಅದರ ಹಣ್ಣಿನಲ್ಲಿದೆ. ಅಶ್ವತ್ಥ, ಆಲ, ಅತ್ತಿ ಎಲ್ಲ ಒಂದೇ ಕುಲದವು. ಬೇರೆ ಮರಗಳಲ್ಲಿ ಹಣ್ಣಿಲ್ಲದ ಹೊತ್ತಿನಲ್ಲೂ ಈ ಕುಲದ ಯಾವುದಾದರೊಂದು ಮರ ಹಣ್ಣು ಬಿಟ್ಟಿರುತ್ತದೆ. ಮಂಗಟ್ಟೆ, ಬಾವಲಿ, ಮಂಗ, ಅಳಿಲು ಎಲ್ಲವೂ ಅದನ್ನು ನೆಚ್ಚಿಕೊಂಡಿವೆ. ಊರ ಮುಂದಿನ ಅಶ್ವತ್ಥಕಟ್ಟೆಯನ್ನು ಉಳಿಸಿದವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಇಷ್ಟು ಹೊಟ್ಟೆಗಳನ್ನು ಉಳಿಸಿದರು. ಇದನ್ನು ಹೇಳಲು ಸುಳ್ಳು ಯಾಕೆ ಬೇಕು?

ಒಂಟಿ ಮರವನ್ನು ಬಿಟ್ಟು ಕಾಡಿಗೆ ಬಂದರೆ, ಶ್ಲೋಕಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಭಯ. ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಕರಾವಳಿಯಲ್ಲಿ ನಾಗಬನಗಳು. ಅಲ್ಲಿ ಕತ್ತಿ ಆಡಿಸಿದರೆ ದೇವರು ಮುನಿಯುತ್ತಾನೆ, ನಾಗದೋಷ ಬರುತ್ತದೆ. ಕಾವಲುಗಾರನಿಲ್ಲದೆ, ಬೇಲಿಯಿಲ್ಲದೆ ಅವು ಎಷ್ಟೋ ತಲೆಮಾರು ಉಳಿದದ್ದು ಹಾಗೆ. ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಗಾಳ ಹಾಕುವಂತಿಲ್ಲ. 1996ರಲ್ಲಿ ಶಿಶಿಲದಲ್ಲಿ ಯಾರೋ ನೀರಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರವರು ಆ ಮೀನುಗಳಿಗೆ ಸ್ಮಾರಕ ಕಟ್ಟಿದರು.

ಭಯಕ್ಕೆ ಒಂದು ಕುಂದಿದೆ. ಅದು ದೇವರನ್ನು ಕಾಯುತ್ತದೆ, ಕಾಡನ್ನೇ ಕಾಯುತ್ತದೆ ಎಂದು ಹೇಳಲಾಗದು. ಕರಾವಳಿಯ ಎಷ್ಟೋ ನಾಗಬನಗಳಲ್ಲಿ ಈಗ ಬನವೇ ಇಲ್ಲ. ಮರ ಕಡಿದು, ನೆಲಕ್ಕೆ ಕಾಂಕ್ರೀಟು ಹಾಕಿ, ಗ್ರಾನೈಟ್ ಕಟ್ಟೆಯ ಮೇಲೆ ನಾಗನ ಕಲ್ಲನ್ನು ಚೆಂದವಾಗಿ ಕೂರಿಸಿದ್ದಾರೆ. ಪೂಜೆ ಮೊದಲಿಗಿಂತ ಜೋರು. ಹಾವಿಗೆ ಮಾತ್ರ ಜಾಗವಿಲ್ಲ.

ಸುಟ್ಟ ಕಾಡು, ಬಿಟ್ಟ ಕಾಡು

ಋಗ್ವೇದದ ಹತ್ತನೇ ಮಂಡಲದಲ್ಲಿ ಅರಣ್ಯಾನಿ ಎಂಬ ಕಾಡಿನ ದೇವಿಯ ಮೇಲೆ ಒಂದು ಸೂಕ್ತವಿದೆ. ಉಳದೆಯೂ ಅನ್ನ ತುಂಬಿದವಳು, ಮೃಗಗಳ ತಾಯಿ ಎಂದು ಅವಳನ್ನು ಹೊಗಳುತ್ತಾರೆ. ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳುತ್ತಾನೆ: ಹುಲಿಯಿಲ್ಲದೆ ಕಾಡಿಲ್ಲ, ಕಾಡಿಲ್ಲದೆ ಹುಲಿಯಿಲ್ಲ. ಕಾಡನ್ನು ಹುಲಿ ಕಾಯುತ್ತದೆ, ಹುಲಿಯನ್ನು ಕಾಡು ಕಾಯುತ್ತದೆ. ಅವನು ಹೇಳುತ್ತಿದ್ದದ್ದು ಕೌರವ ಪಾಂಡವರ ಬಗ್ಗೆ, ಉಪಮೆಗೆ ಕಾಡು ಬಂತು. ಆದರೂ ಇಂದಿನ ಅರಣ್ಯ ಇಲಾಖೆಯ ಫಲಕಕ್ಕೆ ಸರಿಯಾಗಿ ಹೊಂದುವ ಮಾತು.

ಅದೇ ಮಹಾಭಾರತದಲ್ಲೇ ಖಾಂಡವ ದಹನವೂ ಇದೆ. ಇದನ್ನು ಬಿಟ್ಟು ಶಾಸ್ತ್ರ ಮತ್ತು ಪರಿಸರ ಎಂದು ಬರೆದರೆ ಮೋಸವಾಗುತ್ತದೆ. ಅಗ್ನಿಯ ಹಸಿವು ತೀರಿಸಲು ಕೃಷ್ಣ, ಅರ್ಜುನ ಇಬ್ಬರೂ ಸೇರಿ ಇಡೀ ಖಾಂಡವ ವನವನ್ನು ಸುಡುತ್ತಾರೆ. ಬೆಂಕಿಯಿಂದ ಓಡಿ ಬಂದ ಪ್ರಾಣಿಗಳನ್ನು ಎರಡೂ ಕಡೆ ನಿಂತು ಕೊಲ್ಲುತ್ತಾರೆ. ಮಳೆ ಸುರಿಸಲು ಬಂದ ಇಂದ್ರನನ್ನು ತಡೆಯುತ್ತಾರೆ. ಉಳಿದದ್ದು ಆರೇ ಜೀವ: ನಾಗರಾಜ ತಕ್ಷಕನ ಮಗ ಅಶ್ವಸೇನ, ದಾನವರ ಶಿಲ್ಪಿ ಮಯ ಮತ್ತು ನಾಲ್ಕು ಶಾರ್ಙ್ಗಕ ಹಕ್ಕಿಮರಿಗಳು. ಆ ಮಯನೇ ಆಮೇಲೆ ಪಾಂಡವರಿಗೆ ಬೆರಗಿನ ಸಭಾಭವನ ಕಟ್ಟಿಕೊಡುತ್ತಾನೆ. ಕಾಡು ಹೋಗಿ ಸಭೆ ಬಂತು. ಆ ಸಭೆಯನ್ನು ನೋಡಿ ದುರ್ಯೋಧನನ ಹೊಟ್ಟೆ ಉರಿಯಿತು, ಜೂಜಾಯಿತು, ಕೊನೆಗೆ ಪಾಂಡವರು ಹೋಗಿ ಸೇರಿದ್ದು ಕಾಡನ್ನೇ.

ಆ ವನವಾಸದಲ್ಲಿ, ದ್ವೈತವನದಲ್ಲಿ, ಒಂದು ರಾತ್ರಿ ಯುಧಿಷ್ಠಿರನಿಗೆ ಕನಸು ಬೀಳುತ್ತದೆ. ವನಪರ್ವದ ಈ ಪುಟ್ಟ ಪ್ರಸಂಗ ಬಹಳ ಜನರಿಗೆ ಗೊತ್ತೇ ಇಲ್ಲ. ಕನಸಿನಲ್ಲಿ ಜಿಂಕೆಗಳು ಬಂದು, ನಡುಗುತ್ತಾ, ಕಣ್ಣೀರು ಹಾಕುತ್ತಾ ನಿಲ್ಲುತ್ತವೆ. ಯಾರು ನೀವು ಎಂದು ಅವನು ಕೇಳುತ್ತಾನೆ. ನಾವು ದ್ವೈತವನದಲ್ಲಿ ಬೇಟೆಗೆ ಸಿಗದೆ ಉಳಿದ ಜಿಂಕೆಗಳು ಎನ್ನುತ್ತವೆ ಅವು. ನಿನ್ನ ತಮ್ಮಂದಿರು ಶೂರರು, ನಮ್ಮಲ್ಲಿ ಕೆಲವರನ್ನಷ್ಟೇ ಬಿಟ್ಟಿದ್ದಾರೆ. ಈಗ ನಾವು 'ಬೀಜಭೂತಾಃ', ಬೀಜಕ್ಕೆಂದು ಎತ್ತಿಟ್ಟಷ್ಟೇ ಉಳಿದಿದ್ದೇವೆ. ದಯವಿಟ್ಟು ಬೇರೆ ಕಡೆ ಹೋಗಿ, ನಿಮ್ಮ ದಯೆಯಿಂದ ನಾವು ಮತ್ತೆ ಬೆಳೆಯುವಂತಾಗಲಿ.

ಬೆಳಗ್ಗೆ ಎದ್ದು ಯುಧಿಷ್ಠಿರ ತಮ್ಮಂದಿರಿಗೆ ಕನಸನ್ನು ಹೇಳಿದ. ಒಂದು ವರ್ಷ ಎಂಟು ತಿಂಗಳಿನಿಂದ ಇವುಗಳನ್ನೇ ತಿಂದು ಬದುಕಿದ್ದೇವೆ, ಅವು ಹೇಳಿದ್ದು ನಿಜ ಎಂದ. ಬೇಟೆ ಬಿಡೋಣ ಎಂದು ಅವನು ಹೇಳಲಿಲ್ಲ. ಮುಂದೆ ಹೋಗಿ ಇರಲು ಅವನು ಆರಿಸಿಕೊಂಡ ಕಾಮ್ಯಕ ವನದಲ್ಲೂ ಮೃಗಗಳು ಬೇಕಾದಷ್ಟಿದ್ದವು. ಖಾಂಡವ ಸುಟ್ಟ ಅರ್ಜುನನೂ ಅಲ್ಲೇ ಕೂತು ಈ ಕನಸನ್ನು ಕೇಳಿದ. ಆಮೇಲೆ ಎಲ್ಲರೂ ಗಂಟುಮೂಟೆ ಕಟ್ಟಿ ದ್ವೈತವನ ಬಿಟ್ಟು ಹೊರಟರು.